ವ್ಯೋಮನೌಕೆಯ ವೇಗವೂ ಅಭಿಮಾನಿಗಳ ವಿವಾದವೂ

ಕಟ್ಟುಕಥೆಯೆಂದು ಮೊದಲೇ ಒಪ್ಪಿಕೊಂಡ ಕಥೆಯೊಂದರಲ್ಲಿ “ಇದು ಸುಳ್ಳು” ಎಂದು ಆಕ್ಷೇಪಿಸುವುದಕ್ಕೆ ಅರ್ಥವುಂಟೆ? ಮೇಲುನೋಟಕ್ಕೆ ಇಲ್ಲವೆಂದೇ ತೋರುತ್ತದೆ. ಬೆಳಕಿಗಿಂತ ವೇಗವಾಗಿ ಓಡುವ ನೌಕೆಯನ್ನೂ, ಮನುಷ್ಯನನ್ನು ಕ್ಷಣಮಾತ್ರದಲ್ಲಿ ಅಣುಗಳಾಗಿ ಬಿಡಿಸಿ ಬೇರೊಂದು ಗ್ರಹದಲ್ಲಿ ಕೂಡಿಸುವ ಯಂತ್ರವನ್ನೂ ಚಕಾರವೆತ್ತದೆ ಒಪ್ಪಿಕೊಂಡ ಪ್ರೇಕ್ಷಕನು, ಆ ನೌಕೆ ಕಳೆದ ವಾರಕ್ಕಿಂತ ಈ ವಾರ ಹೆಚ್ಚು ವೇಗವಾಗಿ ಓಡಿತೆಂದು ಸಿಡಿಮಿಡಿಗೊಂಡರೆ, ಆನೆಯನ್ನೇ ಮನೆಯೊಳಗೆ ಬಿಟ್ಟುಕೊಂಡವನು ಅದರ ಬಾಲ ಬಾಗಿಲಿಗೆ ತಗುಲಿತೆಂದು ಗೊಣಗಿದಂತೆ ಕಾಣುವುದು ಸಹಜ. ಆದರೂ ಇಂಥ ಗೊಣಗಾಟವನ್ನು ಲಕ್ಷಾಂತರ ಜನ ಅರುವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಅವರಲ್ಲಿ ವಿಜ್ಞಾನದ ವಿದ್ಯಾರ್ಥಿಗಳ ಸಂಖ್ಯೆ ಸಾಮಾನ್ಯವಾದುದಲ್ಲ. ಭದ್ರಾ ಜಲಾಶಯದ ನೆರೆಯ ಶಂಕರಘಟ್ಟದಲ್ಲಿ, ಜ್ಞಾನಸಹ್ಯಾದ್ರಿಯ ಮರಗಳ ನೆರಳಿನಲ್ಲಿಯೂ ಈ ವಾದವನ್ನು ನಾವು ಅನೇಕ ವೇಳೆ ಕೇಳಿದ್ದೇವೆ. ಹಳೆಯ ಕಂತುಗಳು ಮೇಲೆ, ಹೊಸವು ಕೀಳು ಎಂದು ಒಬ್ಬನು. ಹಳೆಯವು ತಮ್ಮ ಮಾತಿಗೆ ತಾವೇ ತಪ್ಪಿವೆ ಎಂದು ಇನ್ನೊಬ್ಬನು. ಈ ವಾದದಲ್ಲಿ ಹುರುಳುಂಟೆಂಬುದು ನಮ್ಮ ಅಭಿಪ್ರಾಯ. ಆದರೆ ಅದರ ಎಲ್ಲ ಭಾಗಗಳಲ್ಲಿಯೂ ಸಮನಾಗಿ ಅಲ್ಲ.

ಮೊದಲು ಕಥಾನಾಯಕರ ಪರಿಚಯವಾಗಲಿ. ದೂರದರ್ಶನದ ವೈಜ್ಞಾನಿಕ ಕಲ್ಪನಾಧಾರಾವಾಹಿಗಳಲ್ಲಿ ದೀರ್ಘಾಯುಗಳೆಂದರೆ ಎರಡು. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ‘ಡಾಕ್ಟರ್ ಹೂ’ ೧೯೬೩ರ ನವೆಂಬರ್ ೨೩ರಂದು ಪ್ರಾರಂಭವಾಗಿ ೧೯೮೯ರವರೆಗೆ ನಡೆದು, ೨೦೦೫ರಲ್ಲಿ ಪುನಃ ಆರಂಭವಾಯಿತು. ಅಮೆರಿಕದ ‘ಸ್ಟಾರ್ ಟ್ರೆಕ್’ ಪ್ರಾರಂಭವಾದದ್ದು ೧೯೬೬ರ ಸೆಪ್ಟೆಂಬರ್ ೮ರಂದು. ಅದರ ಮೂಲ ಧಾರಾವಾಹಿ ೭೯ ಕಂತುಗಳನ್ನು ಕಂಡು ೧೯೬೯ರ ಜೂನ್ ತಿಂಗಳಿನಲ್ಲಿ, ಮಾನವನು ಚಂದ್ರನ ಮೇಲೆ ಇಳಿಯುವುದಕ್ಕೆ ಕೇವಲ ಒಂದೂವರೆ ತಿಂಗಳು ಮುಂಚೆ, ಮುಗಿಯಿತು. ಆಮೇಲೆ ಚಲನಚಿತ್ರಗಳೂ ಹಲವಾರು ಹೊಸ ಧಾರಾವಾಹಿಗಳೂ ಅದರ ಬೇರಿನಿಂದಲೇ ಚಿಗುರಿದವು. ೧೯೮೦ರ ದಶಕದಲ್ಲಿ ಭಾರತದ ದೂರದರ್ಶನವೂ ಭಾನುವಾರದ ಬೆಳಗಿನಲ್ಲಿ ಆ ಮೂಲ ಧಾರಾವಾಹಿಯನ್ನು ಪ್ರಸಾರ ಮಾಡಿತು. ಊರಿಗೊಂದೆರಡು ಪೆಟ್ಟಿಗೆಗಳಿದ್ದ ಕಾಲದಲ್ಲಿ ಅದನ್ನು ನೋಡಿದ ನಮ್ಮ ಹಿಂದಿನ ತಲೆಮಾರಿನವರಿಗೆ ಉದ್ದ ಕಿವಿಯ ಸ್ಪಾಕ್ ಮಹಾಶಯನ ಗುರುತು ಇಂದಿಗೂ ಮಾಸಿಲ್ಲ. ಇಂದಿನ ವಿದ್ಯಾರ್ಥಿಗಳು ಅದನ್ನೇ ಅಂಗೈಯ ಮೊಬೈಲಿನಲ್ಲಿ, ಬೇಕೆಂದಾಗ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ನೋಡುತ್ತಾರೆ. ವಿವಾದಕ್ಕೆ ಇಂಧನ ಒದಗಿಸಿರುವುದು ಈ ಹಿಂದಕ್ಕೆ ಓಡಿಸುವ ಸೌಕರ್ಯವೇ. ೧೯೬೦ರ ದಶಕದ ಲೇಖಕನು ತನ್ನ ಕಂತನ್ನು ಜನ ಒಮ್ಮೆ ನೋಡಿ ಮರೆಯುವರೆಂದೇ ನಂಬಿ ಬರೆಯುತ್ತಿದ್ದನು. ಒಂದೊಂದು ಕಂತಿಗೆ ಒಬ್ಬೊಬ್ಬ ಲೇಖಕ. ಒಬ್ಬನು ಏನು ಬರೆದನೆಂಬುದನ್ನು ಮತ್ತೊಬ್ಬನು ನೋಡಿರುವನೆಂಬ ಭರವಸೆಯೂ ಇರಲಿಲ್ಲ.

ಒಂದು ನಿದರ್ಶನವನ್ನು ಲೆಕ್ಕ ಹಾಕಿಯೇ ನೋಡೋಣ. ಸ್ಟಾರ್ ಟ್ರೆಕ್ಕಿನ ನೌಕೆಯ ವೇಗವನ್ನು ‘ವಾರ್ಪ್’ ಎಂಬ ಅಂಕೆಯಿಂದ ಹೇಳುವ ರೂಢಿ. ತಯಾರಕರು ಇಟ್ಟುಕೊಂಡಿದ್ದ ಸೂತ್ರದಂತೆ, ಆ ಅಂಕೆಯ ಘನವೇ ಬೆಳಕಿನ ವೇಗದ ಎಷ್ಟು ಪಟ್ಟು ಎಂಬುದನ್ನು ಕೊಡುತ್ತದೆ. ವಾರ್ಪ್ ೨ ಎಂದರೆ ಬೆಳಕಿನ ೮ ಪಟ್ಟು. ವಾರ್ಪ್ ೮ ಎಂದರೆ ೫೧೨ ಪಟ್ಟು. ಸರಳವಾದ, ಅಚ್ಚುಕಟ್ಟಾದ ಸೂತ್ರ. ೧೯೬೯ರ ಜನವರಿಯಲ್ಲಿ ಪ್ರಸಾರವಾದ ಕಂತೊಂದರಲ್ಲಿ ನೌಕೆಯು ಯಾವುದೋ ಅಜ್ಞಾತ ಶಕ್ತಿಯಿಂದ ೯೯೦.೭ ಜ್ಯೋತಿರ್ವರ್ಷಗಳಷ್ಟು ದೂರಕ್ಕೆ ಎಸೆಯಲ್ಪಡುತ್ತದೆ. (ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಜ್ಯೋತಿರ್ವರ್ಷ, ಸುಮಾರು ೯.೪೬ ಲಕ್ಷ ಕೋಟಿ ಕಿಲೋಮೀಟರು ಎಂದು ವಾಚಕರು ಬಲ್ಲರು.) ಅಲ್ಲಿಂದ ವಾರ್ಪ್ ೮.೪ರ ವೇಗದಲ್ಲಿ ಹಿಂದಿರುಗಲು ಬೇಕಾದ ಕಾಲ ಸುಮಾರು ೧೧ ಗಂಟೆ ೨೦ ನಿಮಿಷವೆಂದು ಕಥೆಯಲ್ಲಿ ಹೇಳಲಾಗಿದೆ. ಆಗ ನೌಕೆಯ ಚುಕ್ಕಾಣಿ ಹಿಡಿದವಳು ರಾಹ್ದಾ ಎಂಬ ಭಾರತೀಯ ಮೂಲದ ಅಧಿಕಾರಿಣಿ ಎಂಬುದು ನಮಗೆ ಅಭಿಮಾನದ ವಿಷಯವಾದರೂ, ಲೆಕ್ಕದಲ್ಲಿ ದಾಕ್ಷಿಣ್ಯ ಸಲ್ಲದು.

೮.೪ರ ಘನ ೫೯೨.೭. ಬೆಳಕಿನ ೫೯೨.೭ ಪಟ್ಟು ವೇಗದಲ್ಲಿ ೯೯೦.೭ ಜ್ಯೋತಿರ್ವರ್ಷಗಳನ್ನು ಕ್ರಮಿಸಲು ೧.೬೭ ವರ್ಷ, ಅಂದರೆ ಸುಮಾರು ಇಪ್ಪತ್ತು ತಿಂಗಳು ಬೇಕು. ಕಥೆಯಲ್ಲಿ ಅದು ಅರ್ಧ ದಿನದೊಳಗೆ ಮುಗಿದಿದೆ. ಸೂತ್ರಕ್ಕೂ ಕಥೆಗೂ ಸುಮಾರು ೧,೩೦೦ ಪಟ್ಟು ಅಂತರ! ಕಥೆಯ ಅಂಕೆಯನ್ನೇ ನಂಬುವುದಾದರೆ ನೌಕೆಯ ವೇಗ ಬೆಳಕಿನ ಏಳು ಲಕ್ಷದ ಅರುವತ್ತಾರು ಸಾವಿರ ಪಟ್ಟು ಆಗಬೇಕು.

ಆಗಲಿ, ಅದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ೧೯೬೯ರಲ್ಲಿ ಯಾರಿಗೂ ನಷ್ಟವಾಗಲಿಲ್ಲ. ನಷ್ಟವಾದದ್ದು ೧೯೯೫ರಲ್ಲಿ. ಆ ವರ್ಷ ಪ್ರಾರಂಭವಾದ ‘ವಾಯೇಜರ್’ ಎಂಬ ಉಪಧಾರಾವಾಹಿಯ ತಳಹದಿಯೇ ಒಂದು ದೂರ, ಒಂದು ಕಾಲ. ಒಂದು ನೌಕೆ ತನ್ನ ನೆಲೆಯಿಂದ ೭೦,೦೦೦ ಜ್ಯೋತಿರ್ವರ್ಷಗಳಾಚೆ ಬಿದ್ದಿದೆ; ಪರಮಾವಧಿ ವೇಗದಲ್ಲಿ ಹೊರಟರೂ ಮನೆ ಸೇರಲು ೭೫ ವರ್ಷ ಬೇಕು. ನೌಕೆಯಲ್ಲಿರುವವರು ಮುದುಕರಾಗುವರು, ಬಹುಮಂದಿ ದಾರಿಯಲ್ಲೇ ಕಣ್ಮುಚ್ಚುವರು. ತಂದೆತಾಯಿಗಳನ್ನು ಅವರು ಮತ್ತೆ ಕಾಣಲಾರರು. ಏಳು ವರ್ಷ ನಡೆದ ಆ ಧಾರಾವಾಹಿಯ ಕರುಣರಸವೆಲ್ಲ ಈ ೭೫ ಎಂಬ ಅಂಕೆಯಿಂದಲೇ ಒಸರುತ್ತದೆ. ಈಗ ರಾಹ್ದಾಳ ವೇಗವನ್ನು ಇಲ್ಲಿಗೆ ತನ್ನಿ. ಎಪ್ಪತ್ತು ಸಾವಿರವನ್ನು ಏಳು ಲಕ್ಷದ ಅರುವತ್ತಾರು ಸಾವಿರದಿಂದ ಭಾಗಿಸಿದರೆ ಒಂದು ವರ್ಷದ ಹನ್ನೊಂದರಲ್ಲಿ ಒಂದು ಭಾಗ. ದಿನಗಳ ಲೆಕ್ಕದಲ್ಲಿ ಸುಮಾರು ಮೂವತ್ತಮೂರು. ನೂರು ವರ್ಷ ಹಳೆಯದಾದ ನೌಕೆಯೊಂದು ಒಂದು ತಿಂಗಳಲ್ಲಿ ಮುಗಿಸಬಲ್ಲ ಪ್ರಯಾಣಕ್ಕಾಗಿ ಹೊಸ ನೌಕೆಯವರು ಏಳು ವರ್ಷ ಕಣ್ಣೀರಿಟ್ಟರೆಂದಾಯಿತು. ವಾದಿಸುವ ವಿದ್ಯಾರ್ಥಿಯ ಕೋಪ ಕೇವಲ ಅಂಕೆಯ ಮೇಲಣ ಕೋಪವಲ್ಲ. ತಾನು ಪಟ್ಟ ಮರುಕಕ್ಕೆ ಆಧಾರವೇ ಇರಲಿಲ್ಲವೆಂದು ತಿಳಿದಾಗ ಆಗುವ ನೋವು ಅದು.

ಇಲ್ಲಿಯೇ ಸಮೀಪದಲ್ಲಿರುವ ಭದ್ರಾ ಜಲಾಶಯವನ್ನು ನೆನೆಯೋಣ. ಅದರ ಪೂರ್ಣಮಟ್ಟ ೧೮೬ ಅಡಿ. ಎಷ್ಟು ನೀರು ಒಳಬಂತು, ಕಾಲುವೆಗೆಷ್ಟು ಹರಿಯಿತು, ನದಿಗೆಷ್ಟು ಬಿಟ್ಟಿತು, ಮಟ್ಟ ಎಷ್ಟಾಯಿತು ಎಂಬುದನ್ನು ದಿನದಿನವೂ ಬರೆದಿಡುವರು. ಒಂದು ದಿನ ಒಳಹರಿವು ಹೊರಹರಿವಿಗಿಂತ ಹೆಚ್ಚಾಗಿದ್ದೂ ಮಟ್ಟ ಇಳಿದಿದೆಯೆಂದು ಪುಸ್ತಕದಲ್ಲಿ ಕಂಡರೆ ಇಂಜಿನಿಯರು ಏನು ಮಾಡುವರು? ಅಳತೆಗೋಲು ಕೆಟ್ಟಿರಬಹುದು, ಒಳಹರಿವಿನ ಅಂದಾಜು ತಪ್ಪಿರಬಹುದು, ಅಥವಾ ಲೆಕ್ಕಕ್ಕೆ ಬಾರದ ದಾರಿಯೊಂದರಿಂದ ನೀರು ಹೋಗುತ್ತಿರಬಹುದು. ಒಂದೊಂದನ್ನೂ ಪರೀಕ್ಷಿಸಬಹುದು. “ನೀರು ಎಂದಮೇಲೆ ಹೀಗೆಲ್ಲ ಆಗುವುದೇ” ಎಂದು ಕೈತೊಳೆದುಕೊಂಡರೆ, ಕಾಲುವೆಯ ಕೊನೆಯಲ್ಲಿ ಬತ್ತ ನಾಟಿಮಾಡಿ ಕುಳಿತ ದಾವಣಗೆರೆ ಕಡೆಯ ರೈತನ ಗತಿಯೇನು? ಲೆಕ್ಕ ಸರಿಯಿದ್ದರೆ ಮಾತ್ರ ಅವನ ಆತಂಕಕ್ಕೂ ಸಮಾಧಾನಕ್ಕೂ ಅರ್ಥವಿರುತ್ತದೆ. ಕಥೆಯ ಪೂರ್ವಾಪರವೂ ಇಂಥದೇ ಒಂದು ನೀರಿನ ಲೆಕ್ಕ. ವಾಯೇಜರ್ ಧಾರಾವಾಹಿಯ ಮೊದಲ ವರ್ಷದಲ್ಲಿ ನೌಕೆಯಲ್ಲಿ ಉಳಿದಿರುವ ಒಂದು ಬಗೆಯ ಕ್ಷಿಪಣಿಗಳು ೩೮, ಹೊಸದಾಗಿ ತುಂಬಿಸಿಕೊಳ್ಳುವ ದಾರಿಯಿಲ್ಲ ಎಂದು ಸ್ಪಷ್ಟವಾಗಿ ಹೇಳಲಾಯಿತು. ಅಭಿಮಾನಿಗಳು ಪೆನ್ಸಿಲು ಕಾಗದ ಹಿಡಿದು ಎಣಿಸುತ್ತ ಕುಳಿತರು. ಏಳು ವರ್ಷಗಳಲ್ಲಿ ನೌಕೆ ಹಾರಿಸಿದ್ದು ಮೂವತ್ತೆಂಟನ್ನು ಎಷ್ಟೋ ಮೀರಿತು! ದ್ರವ್ಯನಿತ್ಯತೆಯ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪರಿಶೀಲಿಸುವ ವಿದ್ಯಾರ್ಥಿಗಳು ನಮ್ಮ ಪ್ರಯೋಗಶಾಲೆಯಲ್ಲಿಯೂ ದೊರೆತರೆ ಎಷ್ಟು ಚೆನ್ನ.

ಪೂರ್ವಾಪರ ವಿರೋಧ ಕಂಡಾಗ ಅಭಿಮಾನಿಗಳು ಸುಮ್ಮನೆ ಬೈದು ಬಿಡುವುದಿಲ್ಲ. ತೇಪೆ ಹಾಕಲು ತೊಡಗುತ್ತಾರೆ. “ಆ ಪ್ರದೇಶದಲ್ಲಿ ಆಕಾಶದ ಗುಣವೇ ಬೇರೆ ಇದ್ದಿರಬೇಕು, ಅದರಿಂದಲೇ ನೌಕೆ ವೇಗವಾಗಿ ಹೋಯಿತು” ಎಂಬುದು ಅಂಥ ಒಂದು ತೇಪೆ. ಇದನ್ನು ಕೇಳಿ ನಗುವ ಮುನ್ನ ವಿಜ್ಞಾನದ ಚರಿತ್ರೆಯ ಕಡೆಗೊಮ್ಮೆ ತಿರುಗಿ ನೋಡುವುದು ಲೇಸು. ಏಕೆಂದರೆ ಅಲ್ಲಿಯೂ ತೇಪೆಗಳುಂಟು, ಅವುಗಳಲ್ಲಿ ಕೆಲವು ಜಗತ್ತನ್ನೇ ಬೆಳಗಿಸಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೇನಸ್ ಗ್ರಹವು ನ್ಯೂಟನ್ನನ ನಿಯಮ ಹೇಳಿದ ದಾರಿಯಿಂದ ತುಸು ಸರಿದು ನಡೆಯುತ್ತಿದ್ದುದು ಕಂಡುಬಂತು. ಫ್ರಾನ್ಸಿನ ಲೆವೆರಿಯೆ ಎಂಬ ಗಣಿತಜ್ಞನು ನಿಯಮವನ್ನು ಕೈಬಿಡಲಿಲ್ಲ. ಕಾಣದ ಇನ್ನೊಂದು ಗ್ರಹ ಯುರೇನಸ್ಸನ್ನು ಎಳೆಯುತ್ತಿದೆಯೆಂದು ಊಹಿಸಿ, ಅದು ಆಕಾಶದಲ್ಲಿ ಎಲ್ಲಿರಬೇಕೆಂಬುದನ್ನೂ ಗಣಿಸಿ ಹೇಳಿದನು. ೧೮೪೬ರ ಸೆಪ್ಟೆಂಬರ್ ೨೩ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ಎಂಬ ಖಗೋಲಜ್ಞನು ದೂರದರ್ಶಕವನ್ನು ಅತ್ತ ತಿರುಗಿಸಿದಾಗ, ಹೇಳಿದ ಸ್ಥಳದಿಂದ ಒಂದು ಅಂಶದಷ್ಟು ಅಂತರದೊಳಗೇ ನೆಪ್ಚೂನ್ ಕಾಣಿಸಿತು. ಅದೇ ಲೆವೆರಿಯೆ ೧೮೫೯ರಲ್ಲಿ ಇನ್ನೊಂದು ತೊಡಕನ್ನು ಎತ್ತಿ ತೋರಿಸಿದನು. ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತ್ಯಂತ ಸಮೀಪವಾದ ಬಿಂದುವು ನಿಧಾನವಾಗಿ ಸರಿಯುತ್ತ ಹೋಗುತ್ತದೆ. ಉಳಿದ ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಅಲ್ಪವೊಂದು ಉಳಿಯುತ್ತಿತ್ತು. ಇಂದಿನ ಅಳತೆಯಂತೆ ಅದು ಶತಮಾನಕ್ಕೆ ೪೩ ವಿಕಲೆ. ಒಂದು ವಿಕಲೆಯೆಂದರೆ ಒಂದು ಅಂಶದ ೩,೬೦೦ರಲ್ಲಿ ಒಂದು ಭಾಗ. ಹಿಂದೆ ಗೆದ್ದ ಉಪಾಯವನ್ನೇ ಲೆವೆರಿಯೆ ಮತ್ತೆ ಹೂಡಿದನು. ಬುಧನಿಗೂ ಸೂರ್ಯನಿಗೂ ನಡುವೆ ಕಾಣದ ಗ್ರಹವುಂಟೆಂದು ಊಹಿಸಿದನು. ಅದಕ್ಕೆ ವಲ್ಕನ್ ಎಂದು ಹೆಸರೂ ಬಂತು. ಹಲವರು ಅದನ್ನು ಕಂಡೆವೆಂದೂ ಸಾರಿದರು. ಆದರೆ ಅದು ಇರಲಿಲ್ಲ. ೧೯೧೫ರಲ್ಲಿ ಐನ್‌ಸ್ಟೈನರು ತಮ್ಮ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದಿಂದ ಆ ೪೩ ವಿಕಲೆಗಳನ್ನು ಯಾವ ಹೊಸ ಗ್ರಹದ ಹಂಗೂ ಇಲ್ಲದೆ ಪಡೆದರು. ಹೀಗೆ ಆಕಾಶದಲ್ಲಿ ಸ್ಥಾನ ಸಿಗದ ವಲ್ಕನ್, ೧೯೬೬ರಲ್ಲಿ ಸ್ಪಾಕ್ ಮಹಾಶಯನ ತವರು ಗ್ರಹದ ಹೆಸರಾಗಿ ದೂರದರ್ಶನದ ಪೆಟ್ಟಿಗೆಯಲ್ಲಿ ಉದಯಿಸಿತು.

ಎರಡು ತೇಪೆಗಳೂ ಒಂದೇ ದಾರದಿಂದ ಹೊಲಿದವು. ಒಂದು ಗೆದ್ದಿತು, ಒಂದು ಸೋತಿತು. ಎರಡಕ್ಕೂ ಸಮಾನವಾದ ಗೌರವವಿರುವುದು ಏಕೆಂದರೆ ಎರಡೂ ಸೋಲಲು ಸಿದ್ಧವಾಗಿದ್ದವು. “ಇಂಥಲ್ಲಿ ನೋಡಿರಿ” ಎಂದು ಅವು ಹೇಳಿದವು. ಕಥಾಲೋಕದಲ್ಲಾದರೋ ತಿರುಗಿಸಿ ನೋಡಲು ದೂರದರ್ಶಕವಿಲ್ಲ. ಲೇಖಕನು ಇದೆಯೆಂದರೆ ಇದೆ. ಹಾಗಾದರೆ ಕಥೆಯ ತೇಪೆಯನ್ನು ಒರೆಹಚ್ಚುವ ಬಗೆ ಹೇಗೆ? ನಮ್ಮ ಸೂಚನೆಯಿದು: ಆ ತೇಪೆ ಮುಂದಿನ ಕಥೆಗಳನ್ನು ಕಟ್ಟಿಹಾಕುತ್ತದೆಯೇ, ಇಲ್ಲವೆ ಈ ಕ್ಷಣದ ತೂತನ್ನು ಮುಚ್ಚಿ ಮರೆಯಾಗುತ್ತದೆಯೇ ಎಂದು ನೋಡಬೇಕು. ಜೊತೆಗೆ, ಹರಿದ ಜಾಗದ ಮೇಲೆ ಕಥೆಯ ಭಾರವೆಷ್ಟು ನಿಂತಿದೆಯೆಂಬುದನ್ನೂ ಕೇಳಬೇಕು.

ಈ ಒರೆಗಲ್ಲಿಗೆ ಮೊದಲು ಕ್ಲಿಂಗನ್ನರ ಹಣೆಯನ್ನು ತಿಕ್ಕಿ ನೋಡಬಹುದು. ಸ್ಟಾರ್ ಟ್ರೆಕ್ಕಿನಲ್ಲಿ ಕ್ಲಿಂಗನ್ನರೆಂಬುದು ಯುದ್ಧಪ್ರಿಯರ ಒಂದು ಜಾತಿ. ೧೯೬೭ರಲ್ಲಿ ಅವರು ಮೊದಲು ಕಾಣಿಸಿಕೊಂಡಾಗ ಹಣದ ಅಭಾವದಿಂದ ಬಣ್ಣ ಬಳಿದ ಮುಖ, ದಪ್ಪ ಹುಬ್ಬು, ಇಷ್ಟೇ ಅವರ ವೇಷ. ೧೯೭೯ರ ಚಲನಚಿತ್ರದಲ್ಲಿ ಹಣ ಒದಗಿತು. ಕ್ಲಿಂಗನ್ನರ ಹಣೆಯ ಮೇಲೆ ಬೆಟ್ಟದ ಸಾಲಿನಂತೆ ಮೂಳೆಗಳೆದ್ದವು. ಅದಕ್ಕೆ ಯಾರೂ ಕಾರಣ ಹೇಳಲಿಲ್ಲ. ೧೯೯೬ರ ಕಂತೊಂದರಲ್ಲಿ ಹೊಸ ಕಾಲದ ಪಾತ್ರಗಳು ಹಿಂದಿನ ಕಾಲಕ್ಕೆ ಹೋಗಿ, ೧೯೬೭ರ ಹಳೆಯ ಚಿತ್ರಿಕೆಯೊಳಗೇ ನಿಂತು, ನುಣುಪು ಹಣೆಯ ಕ್ಲಿಂಗನ್ನರನ್ನು ಎದುರಿಗೇ ಕಾಣುವ ಪ್ರಸಂಗ ಬಂತು. ಇನ್ನು ಮುಚ್ಚಿಡುವಂತಿಲ್ಲ. ಸಂಗಡಿಗರು ಮೂಳೆಹಣೆಯ ವೋರ್ಫ್ ಎಂಬ ಕ್ಲಿಂಗನ್ನನ ಕಡೆಗೆ ತಿರುಗಿದಾಗ, ಇದು ದೀರ್ಘವಾದ ಕಥೆ, ಹೊರಗಿನವರೊಡನೆ ನಾವು ಇದನ್ನು ಚರ್ಚಿಸುವುದಿಲ್ಲವೆಂಬ ಅರ್ಥದ ಮಾತನ್ನಾಡಿ ಅವನು ಸುಮ್ಮನಾಗುತ್ತಾನೆ. ೨೦೦೫ರ ಎರಡು ಕಂತುಗಳು ಮಾತ್ರ ಕಾರಣವನ್ನು ವಿಸ್ತಾರವಾಗಿ ಹೇಳಿದವು. ವಂಶವಾಹಿಗಳನ್ನು ತಿದ್ದುವ ಪ್ರಯೋಗವೊಂದು ಕೈಮೀರಿ ಹಬ್ಬಿದ ವಿಷಾಣುವಿನಿಂದ ಅವರು ತಲೆಮಾರುಗಳ ಕಾಲ ಹಣೆಯ ಮೂಳೆಗಳನ್ನು ಕಳೆದುಕೊಂಡರಂತೆ. ೨೦೧೭ರ ಹೊಸ ಧಾರಾವಾಹಿ ಅವರಿಗೆ ಮತ್ತೊಂದು ಬಗೆಯ ಮುಖ ಕೊಟ್ಟು ಹೊಸ ಜಗಳಕ್ಕೆ ನಾಂದಿ ಹಾಡಿತು. ನಮಗಂತೂ ವೋರ್ಫನ ಮೌನವೇ ಹೆಚ್ಚು ರುಚಿಸುತ್ತದೆ. ಹಣೆ ನುಣುಪಾಗಿದ್ದರೇನು, ಮೂಳೆಯೆದ್ದರೇನು, ಕಥೆಯಲ್ಲಿ ಯಾರ ಜೀವವೂ ಆಸೆಯೂ ಅದರ ಮೇಲೆ ನಿಂತಿಲ್ಲ. ನಾಟಕದ ರಾಜನ ಕಿರೀಟ ರಟ್ಟಿನದೆಂದು ದೂರುವವನನ್ನು ನಾವು ರಸಿಕನೆನ್ನುವುದಿಲ್ಲ. ವೇಗದ ವಿಷಯ ಹಾಗಲ್ಲ. ಅಲ್ಲಿ ೭೫ ವರ್ಷಗಳ ವಿರಹವೇ ಕುಸಿದುಬೀಳುತ್ತದೆ.

ತೇಪೆಯೇ ಮೂಲವಸ್ತ್ರವಾಗಿಬಿಡುವುದೂ ಉಂಟು. ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ಡಾಕ್ಟರನೆಂಬ ಕಾಲಯಾತ್ರಿಕನ ಪಾತ್ರ ವಹಿಸಿದ್ದ ವಿಲಿಯಂ ಹಾರ್ಟ್‌ನೆಲ್ ಎಂಬ ನಟನ ಆರೋಗ್ಯ ೧೯೬೬ರ ಹೊತ್ತಿಗೆ ಕೆಟ್ಟಿತು. ನಾಯಕನಿಲ್ಲದೆ ಧಾರಾವಾಹಿಯನ್ನು ಮುಚ್ಚಬೇಕು, ಇಲ್ಲವೆ ಬೇರೆ ನಟನನ್ನು ಅದೇ ವೇಷದಲ್ಲಿ ನಿಲ್ಲಿಸಿ ಪ್ರೇಕ್ಷಕರ ಕಣ್ಣಿಗೆ ಮಣ್ಣೆರಚಬೇಕು. ತಯಾರಕರು ಮೂರನೆಯ ದಾರಿ ಹಿಡಿದರು. ದಣಿದ ಡಾಕ್ಟರನು ಕುಸಿದುಬಿದ್ದು, ಬೇರೊಂದು ಮುಖ, ಬೇರೊಂದು ಸ್ವಭಾವದಿಂದ ಮೇಲೇಳುತ್ತಾನೆ. ಹಾಗೆ ಎದ್ದವನು ಪ್ಯಾಟ್ರಿಕ್ ಟ್ರೌಟನ್. ಪುನರುತ್ಪತ್ತಿಯೆಂಬ ಅರ್ಥದ ಹೆಸರು ಅದಕ್ಕೆ ದೊರೆತದ್ದು ೧೯೭೪ರಲ್ಲಿ. ೧೯೭೬ರಲ್ಲಿ ಲೇಖಕನೊಬ್ಬನು, ಇಂಥ ಪುನರುತ್ಪತ್ತಿ ಹನ್ನೆರಡೇ ಸಲ ಸಾಧ್ಯ, ಅನಂತರ ಮರಣವೇ ಎಂದು ಒಂದು ಮಿತಿಯನ್ನು ಹಾಕಿದನು. ಆಗ ನಡೆಯುತ್ತಿದ್ದುದು ನಾಲ್ಕನೆಯ ನಟನ ಕಾಲ. ಹನ್ನೆರಡು ಎಂಬುದು ಬಹುದೂರದ ಅಂಕೆ. ಮೂವತ್ತೇಳು ವರ್ಷಗಳ ಮೇಲೆ, ೨೦೧೩ರಲ್ಲಿ, ಆ ಅಂಕೆ ಬಂದು ಬಾಗಿಲು ತಟ್ಟಿತು. ಮಿತಿಯ ಮಾತನ್ನು ಮರೆತಂತೆ ನಟಿಸಬಹುದಿತ್ತು. ಲೇಖಕರು ಹಾಗೆ ಮಾಡದೆ, ಎಣಿಕೆ ಮುಗಿದಿದೆಯೆಂದು ಡಾಕ್ಟರನ ಬಾಯಿಂದಲೇ ಹೇಳಿಸಿ, ಅವನು ಮುಪ್ಪಿನಲ್ಲಿ ಸಾವನ್ನು ಕಾಯುತ್ತ ಒಂದು ಊರನ್ನು ರಕ್ಷಿಸುವುದನ್ನು ತೋರಿಸಿ, ಕಡೆಗೆ ಅವನ ಕುಲದವರಿಂದ ಹೊಸದೊಂದು ಸರಣಿಯ ವರವನ್ನು ಕೊಡಿಸಿದರು. ವರ ಕೊಡಿಸಿದ್ದು ಸುಲಭದ ಉಪಾಯವೆಂದು ಆಕ್ಷೇಪಿಸುವವರಿದ್ದಾರೆ, ಇರಲಿ. ಆದರೂ ಹಳೆಯ ನಿಯಮಕ್ಕೆ ಬೆಲೆಕಟ್ಟಿ ಆಮೇಲೆ ಮುಂದೆ ಹೋದರೆಂಬುದನ್ನು ಮೆಚ್ಚಬೇಕು. ೨೦೨೦ರಲ್ಲಿ, ಡಾಕ್ಟರನಿಗೆ ಹಾರ್ಟ್‌ನೆಲ್‌ಗಿಂತ ಹಿಂದೆಯೂ ಎಣಿಕೆಯಿಲ್ಲದ ಜನ್ಮಗಳಿದ್ದವು, ಅವೆಲ್ಲ ಅವನಿಗೆ ಮರೆತುಹೋಗಿವೆ ಎಂದು ಹೊಸ ಲೇಖಕರು ಸಾರಿದಾಗ ಎದ್ದ ಕೋಲಾಹಲ ಇನ್ನೂ ಅಡಗಿಲ್ಲ. ಈ ತಿದ್ದುಪಡಿಯ ಪ್ರಕಾರ ಹನ್ನೆರಡರ ಮಿತಿ ಅವನಿಗೆ ಎಂದೂ ಅನ್ವಯಿಸಿರಲೇ ಇಲ್ಲವೇನೋ! ಹಾಗಾದರೆ ೨೦೧೩ರ ಆ ಮುದುಕನ ಧೈರ್ಯಕ್ಕೆ ಬೆಲೆಯೇನು? ನಮ್ಮ ವಿದ್ಯಾರ್ಥಿಗಳ ಪ್ರಶ್ನೆಯಿದು, ಒಳ್ಳೆಯ ಪ್ರಶ್ನೆ.

ಇದೆಲ್ಲ ಪಾಶ್ಚಾತ್ಯರ ಹವ್ಯಾಸವೆಂದು ತಿಳಿಯಬೇಕಾಗಿಲ್ಲ. ಬಲ್ಲ ಕಥೆಯನ್ನು ತಿದ್ದುವುದೂ ತಿದ್ದಿದ್ದರ ಫಲವನ್ನು ವಿಚಾರಿಸುವುದೂ ಕನ್ನಡಿಗರಿಗೆ ಸಾವಿರ ವರ್ಷಗಳ ಅಭ್ಯಾಸ. ಕ್ರಿ.ಶ. ೯೪೧ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ದ್ರೌಪದಿಯನ್ನು ಐವರ ಪತ್ನಿಯಾಗಿ ಇಡದೆ ಅರ್ಜುನನೊಬ್ಬನ ಪತ್ನಿಯಾಗಿ ಮಾಡಿದನು. ತನ್ನ ಆಶ್ರಯದಾತನನ್ನು ಅರ್ಜುನನಿಗೆ ಸಮೀಕರಿಸಿದ ಕವಿಗೆ ಅದು ಅಗತ್ಯವಾಗಿ ತೋರಿರಬೇಕು. ಆದರೆ ಒಂದು ಎಳೆಯನ್ನು ಎಳೆದರೆ ಬಟ್ಟೆಯೆಲ್ಲ ಸುಕ್ಕಾಗುತ್ತದೆ. ಪತಿ ಅರ್ಜುನನೊಬ್ಬನೇ ಆದಮೇಲೆ ಅವಳ ಅವಮಾನಕ್ಕೆ ಸೇಡು ತೀರಿಸಿ ಮುಡಿ ಕಟ್ಟುವವನು ಭೀಮನೇಕೆ? ಈ ತೊಡಕನ್ನು ನಮ್ಮ ವಿಮರ್ಶಕರು ಬಹುಕಾಲ ಚರ್ಚಿಸಿದ್ದಾರೆ. ಇಲ್ಲಿನ ವಿಶ್ವವಿದ್ಯಾನಿಲಯ ಯಾರ ಹೆಸರನ್ನು ಹೊತ್ತಿದೆಯೋ ಆ ಕುವೆಂಪು ಅವರು ೧೯೪೯ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಸೀತೆಯೊಡನೆ ರಾಮನೂ ಅಗ್ನಿಯನ್ನು ಪ್ರವೇಶಿಸುವಂತೆ ಮಾಡಿದರು. ಇದು ಕಥೆಯ ತೂತನ್ನು ಮುಚ್ಚುವ ತೇಪೆಯಲ್ಲ. ರಾಮನಿಗೂ ಒಂದು ಬೆಲೆಯನ್ನು ವಿಧಿಸುವ ತಿದ್ದುಪಡಿ. ಮಲೆನಾಡಿನ ತಾಳಮದ್ದಳೆಯಲ್ಲಿ ಕುಳಿತವರಿಗೆ ಈ ವಿವೇಕ ಹೊಸತಲ್ಲ. ಅರ್ಥಧಾರಿಯು ತನ್ನ ಪಾತ್ರದ ಪರವಾಗಿ ಎಷ್ಟು ಬೇಕಾದರೂ ವಾದಿಸಬಹುದು, ಎದುರಾಳಿಯ ಮಾತನ್ನು ಅವನ ಹಿಂದಿನ ನಡತೆಯಿಂದಲೇ ಖಂಡಿಸಬಹುದು. ಪ್ರಸಂಗದ ಪದ್ಯ ಹಾಕಿದ ಗೆರೆಯನ್ನು ಮಾತ್ರ ದಾಟುವಂತಿಲ್ಲ. ಗೆರೆಯಿರುವುದರಿಂದಲೇ ವಾದಕ್ಕೆ ಕಾವೇರುತ್ತದೆ.

ಇನ್ನು ಗುಣದ ವಿಚಾರ. “ಹಿಂದಿನದು ಚೆನ್ನಾಗಿತ್ತು” ಎಂಬ ಮಾತಿನಲ್ಲಿ ಸತ್ಯವೆಷ್ಟು? ಸ್ಟಾರ್ ಟ್ರೆಕ್ಕಿನ ಮಟ್ಟಿಗೆ ವಿಚಿತ್ರವೊಂದುಂಟು. ಎರಡನೆಯ ವರ್ಷದಲ್ಲಿಯೇ ಧಾರಾವಾಹಿ ನಿಂತುಹೋಗುವ ಸುದ್ದಿ ಹಬ್ಬಿದಾಗ, ಬೀಜೋ ಟ್ರಿಂಬಲ್ ಎಂಬ ಮಹಿಳೆಯೂ ಅವರ ಪತಿಯೂ ಮುಂದಾಗಿ ಅಭಿಮಾನಿಗಳಿಂದ ಎನ್.ಬಿ.ಸಿ. ಸಂಸ್ಥೆಗೆ ರಾಶಿ ರಾಶಿ ಪತ್ರಗಳನ್ನು ಬರೆಸಿದರು. ೧೯೬೮ರ ಜನವರಿಯಲ್ಲಿ ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿಗಳು ಸಂಸ್ಥೆಯ ಕಚೇರಿಗೆ ಮೆರವಣಿಗೆ ಹೋದರು. ಧಾರಾವಾಹಿ ಉಳಿಯಿತು. ಉಳಿದು ಬಂದ ಮೂರನೆಯ ವರ್ಷದ ಕಂತುಗಳೇ ಎಲ್ಲಕ್ಕಿಂತ ಕಳಪೆಯೆಂದು ಬಹುತೇಕ ಅಭಿಮಾನಿಗಳ ತೀರ್ಮಾನ! ಹಣವನ್ನು ಕಡಿತ ಮಾಡಿ, ಶುಕ್ರವಾರ ರಾತ್ರಿ ಹತ್ತು ಗಂಟೆಗೆ, ಯುವಕರು ಮನೆಯಲ್ಲಿರದ ಹೊತ್ತಿಗೆ, ಅದನ್ನು ತಳ್ಳಿದ್ದರು. ಇಲ್ಲಿ ಕಾರಣ ಕಣ್ಣಿಗೆ ಕಾಣುತ್ತದೆ.

ಕಾರಣ ಕಾಣದಿದ್ದಲ್ಲಿಯೂ ಇಳಿತ ಕಾಣುವುದುಂಟು. ಅದಕ್ಕೆ ಸಂಖ್ಯಾಶಾಸ್ತ್ರ ಉತ್ತರ ಹೇಳುತ್ತದೆ. ತರಗತಿಯ ಮೊದಲ ಪರೀಕ್ಷೆಯಲ್ಲಿ ಅತ್ಯಧಿಕ ಅಂಕ ಪಡೆದ ಹತ್ತು ಮಂದಿಯನ್ನು ಆರಿಸಿ ಎರಡನೆಯ ಪರೀಕ್ಷೆಯ ಫಲವನ್ನು ನೋಡಿದರೆ ಅವರ ಸರಾಸರಿ ಪ್ರಾಯಶಃ ಇಳಿದಿರುತ್ತದೆ. ಅವರು ಸೋಮಾರಿಗಳಾದರೆಂದಲ್ಲ. ಮೊದಲ ಸಲ ಜಾಣತನದ ಜೊತೆಗೆ ಅದೃಷ್ಟವೂ ಕೂಡಿತ್ತು. ಅದೃಷ್ಟ ಎರಡನೆಯ ಸಲ ಎಲ್ಲರಿಗೂ ಕೂಡುವುದಿಲ್ಲ. ಮೊದಲ ವರ್ಷ ಅಸಾಧಾರಣವಾಗಿದ್ದ ಧಾರಾವಾಹಿಗಳಷ್ಟೇ ದೀರ್ಘಕಾಲ ಬದುಕುತ್ತವೆಯಾದ್ದರಿಂದ, ಬದುಕಿದವುಗಳಲ್ಲಿ ಇಳಿತ ಕಾಣುವುದು ಬಹುಮಟ್ಟಿಗೆ ಆಯ್ಕೆಯ ಫಲ. ಸ್ಟಾರ್ ಟ್ರೆಕ್ಕಿಗೆ ಎರಡು ಕಂತುಗಳನ್ನು ಬರೆದ ಥಿಯೊಡೋರ್ ಸ್ಟರ್ಜನ್ ಎಂಬ ಲೇಖಕನ ಹೆಸರಿನಲ್ಲಿ ಒಂದು ‘ನಿಯಮ’ವೇ ಪ್ರಚಾರದಲ್ಲಿದೆ: ಯಾವುದನ್ನೇ ತೆಗೆದುಕೊಂಡರೂ ನೂರಕ್ಕೆ ತೊಂಬತ್ತು ಭಾಗ ಕಸವೇ. ಹಳೆಯ ಕಸವನ್ನು ಕಾಲ ಗುಡಿಸಿ ಹಾಕಿದೆ, ಹೊಸ ಕಸ ಕಣ್ಣೆದುರಿಗೇ ಬಿದ್ದಿದೆ. ಡಾ. ರಾಜಕುಮಾರರ ಇನ್ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ನಾವು ಪದೇ ಪದೇ ನೆನೆಯುವುದು ಎಷ್ಟನ್ನು? ಆ ಹತ್ತಿಪ್ಪತ್ತನ್ನು ಇಂದಿನ ಎಲ್ಲ ಚಿತ್ರಗಳೊಡನೆ ತೂಗುವುದು ನ್ಯಾಯವಾದ ತಕ್ಕಡಿಯಲ್ಲ.

ನೆನಪಿನ ಈ ಮೋಸವನ್ನು ಪರೀಕ್ಷಿಸಿ ನೋಡುವ ಅವಕಾಶವೊಂದು, ಯಾರೂ ಬಯಸದ ರೀತಿಯಲ್ಲಿ, ‘ಡಾಕ್ಟರ್ ಹೂ’ ಅಭಿಮಾನಿಗಳಿಗೆ ಒದಗಿಬಂತು. ಅಂದಿನ ದಿನಗಳಲ್ಲಿ ಚಿತ್ರಪಟ್ಟಿಗಳು ದುಬಾರಿ. ಮರುಪ್ರಸಾರದ ಯೋಚನೆಯೂ ಕಡಿಮೆ. ಆದಕಾರಣ ಬಿ.ಬಿ.ಸಿ. ಸಂಸ್ಥೆಯವರು ೧೯೬೦ರ ಮತ್ತು ೧೯೭೦ರ ದಶಕಗಳಲ್ಲಿ ಹಳೆಯ ಕಂತುಗಳನ್ನು ಅಳಿಸಿ ಅದೇ ಪಟ್ಟಿಗಳನ್ನು ಮತ್ತೆ ಬಳಸಿದರು. ೧೯೬೦ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದಿಗೂ ದೊರೆತಿಲ್ಲ. ಹೀಗೆ ಕಳೆದುಹೋದವುಗಳಲ್ಲಿ ೧೯೬೭ರ ‘ಟೂಂಬ್ ಆಫ್ ದ ಸೈಬರ್‌ಮೆನ್’ ಎಂಬ ಕಥೆಯನ್ನು ಕಂಡವರು ಅದರ ಸಮಾನವಿಲ್ಲವೆಂದು ಹೊಗಳುತ್ತಿದ್ದರು. ೧೯೯೨ರಲ್ಲಿ ಅದು ಹಾಂಗ್‌ಕಾಂಗಿನಿಂದ ಮರಳಿ ಬಂತು. ನೋಡಿದವರಲ್ಲಿ ಅನೇಕರು, ಚೆನ್ನಾಗಿದೆ, ಆದರೆ ಕೇಳಿದಷ್ಟಿಲ್ಲ ಎಂದರು. ‘ಎನಿಮಿ ಆಫ್ ದ ವರ್ಲ್ಡ್’ ಎಂಬ ಇನ್ನೊಂದು ಕಥೆ ಸಾಧಾರಣವೆಂದು ಹೆಸರು ಪಡೆದು ಮೂಲೆಯಲ್ಲಿತ್ತು. ೨೦೧೩ರಲ್ಲಿ ನೈಜೀರಿಯದಲ್ಲಿ ಸಿಕ್ಕ ಒಂಬತ್ತು ಕಂತುಗಳಿಂದ ಅದು ಪೂರ್ಣಗೊಂಡಾಗ, ಇಷ್ಟು ಸೊಗಸಾದುದನ್ನು ಕಡೆಗಣಿಸಿದ್ದೇಕೆಂದು ಅಭಿಮಾನಿಗಳೇ ಬೆರಗಾದರು. ಒಂದು ಇಳಿಯಿತು, ಒಂದು ಏರಿತು. ಕಂತುಗಳು ಬದಲಾಗಿರಲಿಲ್ಲ.

ಆದರೂ ಕಂತುಗಳ ಧ್ವನಿಯಾದರೂ ಉಳಿದಿರುವುದು ಯಾರಿಂದ ಎಂದು ಕೇಳಿದರೆ, ಉತ್ತರ ಅದೇ ಗೊಣಗುವ ಅಭಿಮಾನಿಗಳಿಂದ ಎಂಬುದೇ. ಪ್ರಸಾರದ ಹೊತ್ತಿನಲ್ಲಿ ಹುಡುಗರು ಮನೆಯ ಪೆಟ್ಟಿಗೆಯ ಮುಂದೆ ಮೈಕು ಹಿಡಿದು ಧ್ವನಿಸುರುಳಿಗೆ ತುಂಬಿಸಿಕೊಂಡ ಕಾರಣ, ಕಳೆದುಹೋದ ಎಲ್ಲ ಕಂತುಗಳ ಮಾತೂ ಸದ್ದೂ ನಮಗೆ ದಕ್ಕಿವೆ. ಟ್ರೌಟನ್ ಹೊಸ ಡಾಕ್ಟರನಾಗಿ ಮೊದಲು ಕಾಣಿಸಿಕೊಂಡ ೧೯೬೬ರ ನವೆಂಬರಿನ ಕಥೆಯ ಆರು ಕಂತುಗಳಲ್ಲಿ ಒಂದೂ ಉಳಿದಿಲ್ಲ. ೨೦೧೬ರಲ್ಲಿ ಆ ಧ್ವನಿಗೆ ರೇಖಾಚಿತ್ರಗಳನ್ನು ಜೋಡಿಸಿ ಅದನ್ನು ಪುನಃ ಕಟ್ಟಿದರು. ಆರು ಕಂತುಗಳ ಆ ಕಥೆ ನಡೆಯುವುದು ದೂರದ ಒಂದು ಗ್ರಹದಲ್ಲಿ. ಅದರ ಹೆಸರೂ ವಲ್ಕನ್.